ಮನೆಯಂಗಳದಲ್ಲೇ ಕಾರಿನ ಆಕ್ಸಿಜನ್ ಸೆನ್ಸರ್ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾ ಹತ್ತಿರ ನಮ್ಮ ಮನೆ. ಸಮುದ್ರ ಕಾಣಿಸುವುದಿಲ್ಲ, ಆದರೆ ರಾತ್ರಿ ಅದರ ಸದ್ದು ಕೇಳುತ್ತದೆ. ಅಷ್ಟು ಹತ್ತಿರ ಇದ್ದರೆ ಸಾಕು, ಕಾರಿನ ಅಡಿಭಾಗಕ್ಕೆ ತುಕ್ಕು ಬರುತ್ತದೆ. ಹತ್ತು ವರ್ಷದಿಂದ ನನ್ನ ಕಾರು, ಭಾವನ ಕಾರು, ಶಿರಸಿಯಲ್ಲಿರುವ ಚಿಕ್ಕಪ್ಪನ ಕಾರು, ಇವುಗಳ ಸಣ್ಣಪುಟ್ಟ ಕೆಲಸ ನಾನೇ ಮಾಡುತ್ತಿದ್ದೇನೆ. ಇಂಜಿನ್ ಲೈಟ್ ಹತ್ತಿತು ಅಂತ ಗೆಳೆಯರು ಫೋನ್ ಮಾಡಿದಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಬರೆದಿಟ್ಟರೆ ಇನ್ನಷ್ಟು ಜನರಿಗೆ ಉಪಯೋಗ ಆಗುತ್ತದೆ ಅನ್ನಿಸಿತು. ಇಲ್ಲಿರುವುದು ಪೆಟ್ರೋಲ್ ಕಾರಿನ ಮಾತು. ಡೀಸೆಲ್ ಬಗ್ಗೆ ಕೊನೆಯ ಹತ್ತಿರ ಎರಡು ಮಾತಿದೆ.

ಆಕ್ಸಿಜನ್ ಸೆನ್ಸರ್ ಅಂದರೆ ಏನು? ಅದು ಮಾಡುವ ಕೆಲಸ ಏನು?

ನೋಡಲು ದಪ್ಪನೆಯ ಸ್ಪಾರ್ಕ್ ಪ್ಲಗ್ ಇದ್ದ ಹಾಗೆ ಇರುತ್ತದೆ. ಹಿಂದೆ ನಾಲ್ಕು ವೈರಿನ ಬಾಲ. ಸೈಲೆನ್ಸರ್ ಪೈಪಿಗೆ ತಿರುಪಿ ಕೂರಿಸಿರುತ್ತಾರೆ. ಅದರ ಮೂತಿ ಹೊಗೆಯ ಒಳಗೆ, ಬೆನ್ನು ಹೊರಗಿನ ಗಾಳಿಯಲ್ಲಿ. ಒಳಗಿರುವ ಜಿರ್ಕೋನಿಯಾ ಎಂಬ ಪಿಂಗಾಣಿ ಈ ಎರಡು ಕಡೆಯ ಆಮ್ಲಜನಕದ ವ್ಯತ್ಯಾಸ ನೋಡಿ ಸಣ್ಣ ಕರೆಂಟ್ ಹುಟ್ಟಿಸುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ, ಅಂದರೆ ಪೆಟ್ರೋಲ್ ಕಡಿಮೆ ಹೋಗಿದ್ದರೆ, ಸುಮಾರು 0.1 ವೋಲ್ಟ್. ಪೆಟ್ರೋಲ್ ಜಾಸ್ತಿ ಹೋಗಿದ್ದರೆ ಸುಮಾರು 0.9 ವೋಲ್ಟ್. ಅದನ್ನು ನೋಡಿಕೊಂಡು ಇಂಜಿನ್‌ನ ಕಂಪ್ಯೂಟರ್ ಪೆಟ್ರೋಲನ್ನು ಸೆಕೆಂಡಿಗೆ ಹಲವು ಸಲ ಹೆಚ್ಚುಕಡಿಮೆ ಮಾಡುತ್ತಾ ಹೋಗುತ್ತದೆ. ಶುದ್ಧ ಪೆಟ್ರೋಲಿಗೆ ಸರಿಯಾದ ಲೆಕ್ಕ ಒಂದು ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ.

ಬಾಷ್ ಕಂಪನಿ ಇದನ್ನು 1976ರಲ್ಲಿ ಮಾರುಕಟ್ಟೆಗೆ ತಂದಿತು. ಮೊದಲು ಹಾಕಿದ್ದು ವೋಲ್ವೋ ಕಾರಿಗೆ. ತತ್ವ ಇವತ್ತಿಗೂ ಅದೇ.

ಪಿಂಗಾಣಿ ಸುಮಾರು 300 ಡಿಗ್ರಿ ಬಿಸಿಯಾಗದೆ ಕೆಲಸ ಮಾಡುವುದಿಲ್ಲ. ಅದಕ್ಕೇ ಒಳಗೊಂದು ಸಣ್ಣ ಹೀಟರ್ ಇಟ್ಟಿರುತ್ತಾರೆ. ನಾಲ್ಕು ವೈರುಗಳಲ್ಲಿ ಎರಡು ಈ ಹೀಟರಿನವು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನ ಕಾರಿನಲ್ಲಿ ಎಷ್ಟು ಇರುತ್ತವೆ?

ಬಿಎಸ್-4 ಮತ್ತು ಬಿಎಸ್-6 (ಹೊಗೆಗೆ ಸರ್ಕಾರ ಇಟ್ಟ ಮಿತಿಯ ಮಟ್ಟಗಳು) ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಎರಡು. ಒಂದು ಕ್ಯಾಟಲಿಟಿಕ್ ಕನ್ವರ್ಟರಿಗಿಂತ (ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ, ಚಿಕ್ಕದಾಗಿ ಕ್ಯಾಟ್) ಮೊದಲು, ಇನ್ನೊಂದು ಅದರ ನಂತರ. ಸ್ಕ್ಯಾನರಿನಲ್ಲಿ (ಕಾರಿನ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡ್ ಓದುವ ಸಾಧನ) "ಬ್ಯಾಂಕ್ 1 ಸೆನ್ಸರ್ 1" ಅಂತ ಬಂದರೆ ಮುಂದಿನದು, "ಬ್ಯಾಂಕ್ 1 ಸೆನ್ಸರ್ 2" ಅಂದರೆ ಹಿಂದಿನದು. ಬ್ಯಾಂಕ್ ಅಂದರೆ ಸಿಲಿಂಡರುಗಳ ಸಾಲು. ನಮ್ಮಲ್ಲಿ ಓಡಾಡುವ ಮೂರು, ನಾಲ್ಕು ಸಿಲಿಂಡರಿನ ಕಾರುಗಳಿಗೆ ಬ್ಯಾಂಕ್ ಒಂದೇ. ಪೆಟ್ರೋಲ್ ಎಷ್ಟು ಕೊಡಬೇಕು ಎಂದು ಮುಖ್ಯವಾಗಿ ನಿರ್ಧರಿಸುವುದು ಮುಂದಿನ ಸೆನ್ಸರ್. ಹಿಂದಿನದು ಕ್ಯಾಟ್ ಸರಿಯಾಗಿದೆಯಾ ಅಂತ ಕಾವಲು ಕಾಯುತ್ತದೆ.

ಹಾಳಾದರೆ ಏನು ಕಾಣಿಸುತ್ತದೆ?

ಇಂಜಿನ್ ಲೈಟ್. ಮೈಲೇಜ್ ಇಳಿಯುವುದು. ನಿಂತಲ್ಲಿ ಇಂಜಿನ್ ಏರಿಳಿಯುವುದು. ಸೈಲೆನ್ಸರ್ ಬಾಯಲ್ಲಿ ಮಸಿ. ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆ. ಹಿಂದಿನ ಸೆನ್ಸರ್ ಹೋದರೆ ಹಲವು ಕಾರುಗಳಲ್ಲಿ ಲೈಟ್ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ.

ಸ್ಕ್ಯಾನರಿನಲ್ಲಿ ಆಕ್ಸಿಜನ್ ಸೆನ್ಸರಿನ ಕೋಡ್ ಬಂದಿದೆ. ಹೊಸ ಸೆನ್ಸರ್ ತರಿಸಿಬಿಡಲೇ?

ಬೇಡ, ತಡೆಯಿರಿ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಕೆಲವು ವರ್ಷದ ಹಿಂದೆ ನನ್ನ ಕಾರಿನಲ್ಲಿ ಪಿ0135 ಎಂಬ ಕೋಡ್ ಬಂತು. ಒಂದು ಗ್ಯಾರೇಜಿನಲ್ಲಿ "ಸೆನ್ಸರ್ ಹೋಗಿದೆ, ಹೊಸದು ಹಾಕಬೇಕು" ಅಂದರು. ನಾನೂ ನಂಬಿ, ಮೂರು ಸಾವಿರಕ್ಕಿಂತ ಜಾಸ್ತಿ ಕೊಟ್ಟು ಹೊಸದು ತರಿಸಿ, ಮನೆಯಲ್ಲೇ ಹಾಕಿದೆ. ಮೂರನೇ ದಿನ ಅಂಕೋಲೆ ದಾಟುವಾಗ ಲೈಟ್ ಮತ್ತೆ ಹತ್ತಿತು. ಅದೇ ಕೋಡ್. ಮನೆಗೆ ಬಂದು, ಸೆನ್ಸರಿನ ವೈರ್ ಕಾರಿನ ವೈರಿಗೆ ಸೇರುವ ಕನೆಕ್ಟರ್ ಬಿಚ್ಚಿ, ಮೊಬೈಲ್ ಟಾರ್ಚ್ ಬಿಟ್ಟು, ಕಾರಿನ ಕಡೆಯ ಅರ್ಧದೊಳಗೆ ಇಣುಕಿದೆ. ನಾಲ್ಕು ಪಿನ್‌ಗಳಲ್ಲಿ ಒಂದರ ಸುತ್ತ ಹಸಿರು ಪುಡಿ. ದೇವರ ಮನೆಯಲ್ಲಿ ತೊಳೆಯದೆ ಬಿಟ್ಟ ತಾಮ್ರದ ತಂಬಿಗೆಗೆ ಬರುತ್ತದಲ್ಲ, ಅದೇ ಕಿಲುಬು. ಹೀಟರಿಗೆ ಕರೆಂಟ್ ಹೋಗುವ ಪಿನ್ ಅದು. ಹಳೆಯ ಸೆನ್ಸರ್ ಸರಿಯಾಗೇ ಇತ್ತು. ಹೊಸ ಸೆನ್ಸರನ್ನು ನಾನು ಅದೇ ಕಿಲುಬಿಗೆ ಚುಚ್ಚಿದ್ದೆ.

ಕೋಡ್ ಹೇಳುವುದು ಒಂದು ಸರ್ಕಿಟ್‌ನಲ್ಲಿ ತೊಂದರೆ ಇದೆ ಅಂತ. ಆ ಸರ್ಕಿಟ್‌ನಲ್ಲಿ ಫ್ಯೂಸ್ ಇದೆ, ವೈರ್ ಇದೆ, ಕನೆಕ್ಟರ್ ಇದೆ, ಆಮೇಲೆ ಸೆನ್ಸರ್ ಇದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲು ಸೋಲುವುದು ಎಷ್ಟೋ ಸಲ ಕನೆಕ್ಟರ್.

ಕೋಡುಗಳನ್ನು ಹೀಗೆ ಓದಿ:

ಪಿ0135 (ಮುಂದಿನದು) ಮತ್ತು ಪಿ0141 (ಹಿಂದಿನದು) ಹೀಟರಿಗೆ ಸಂಬಂಧಪಟ್ಟವು. ಮೊದಲು ಫ್ಯೂಸ್ ನೋಡಿ. ಆಮೇಲೆ ಕನೆಕ್ಟರ್. ಕೊನೆಗೆ ಸೆನ್ಸರಿನ ಹೀಟರ್.

ಪಿ0131, ಪಿ0132 ಅಂದರೆ ವೋಲ್ಟೇಜ್ ಸತತವಾಗಿ ಕಡಿಮೆ ಅಥವಾ ಸತತವಾಗಿ ಜಾಸ್ತಿ. ವೈರ್ ಎಲ್ಲಾದರೂ ತಾಗುತ್ತಿರಬಹುದು, ಮಿಶ್ರಣವೇ ಕೆಟ್ಟಿರಬಹುದು, ಸೆನ್ಸರ್ ಕೂಡ ಇರಬಹುದು.

ಪಿ0133 ಅಂದರೆ ಸೆನ್ಸರ್ ನಿಧಾನವಾಗಿದೆ. ಜಾಸ್ತಿ ಓಡಿದ ಕಾರಿನಲ್ಲಿ ಈ ಕೋಡ್ ಬಂದು, ಸೈಲೆನ್ಸರಿನಲ್ಲಿ ಎಲ್ಲೂ ಸೋರಿಕೆ ಇಲ್ಲ ಅಂತಾದರೆ, ಸೆನ್ಸರಿಗೆ ನಿಜವಾಗಿಯೂ ವಯಸ್ಸಾಗಿದೆ.

ಪಿ0171 (ಪೆಟ್ರೋಲ್ ಕಡಿಮೆ), ಪಿ0172 (ಪೆಟ್ರೋಲ್ ಜಾಸ್ತಿ) ಬಂದಾಗ ಸೆನ್ಸರ್ ಬದಲಿಸುವವರೇ ಜಾಸ್ತಿ. ಪಾಪ, ಆಗ ಸೆನ್ಸರ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುತ್ತದೆ. ಎಲ್ಲೋ ಗಾಳಿ ಸೋರುತ್ತಿದೆ, ರಬ್ಬರ್ ಪೈಪ್ ಬಿರುಕು ಬಿಟ್ಟಿದೆ, ಏರ್ ಫಿಲ್ಟರ್ ಕಟ್ಟಿದೆ, ಇಂಜೆಕ್ಟರ್ ಸೋರುತ್ತಿದೆ ಅಂತ ಅದು ಹೇಳುತ್ತಿದೆ. ಜ್ವರ ತೋರಿಸಿತು ಅಂತ ಥರ್ಮಾಮೀಟರ್ ಬದಲಿಸುವುದಿಲ್ಲ ಅಲ್ವಾ?

ಪಿ0420 ಕ್ಯಾಟಿನ ಕೋಡ್. ಹಿಂದಿನ ಸೆನ್ಸರ್ ಬದಲಿಸಿದರೆ ಹೋಗುವುದು ಅಪರೂಪ.

ಕೋಡ್ ಓದಲು ಏನು ಬೇಕು?

ಬ್ಲೂಟೂತ್‌ನಲ್ಲಿ ಮೊಬೈಲಿಗೆ ಸೇರುವ ಒಬಿಡಿ ಸ್ಕ್ಯಾನರ್. ಆನ್‌ಲೈನಿನಲ್ಲಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಸಾಕೆಟ್ ಇರುತ್ತದೆ, ಅಲ್ಲಿಗೆ ಚುಚ್ಚುವುದು. ಬರೀ ಕೋಡ್ ತೋರಿಸುವುದಕ್ಕಿಂತ ಓಡುವಾಗಿನ ಲೈವ್ ಅಂಕಿ ತೋರಿಸುವ ಆ್ಯಪ್ ಹಾಕಿಕೊಳ್ಳಿ.

ಮಲ್ಟಿಮೀಟರಿನಲ್ಲಿ ಪರೀಕ್ಷೆ ಮಾಡಬಹುದಾ?

ಧಾರಾಳವಾಗಿ. ಎರಡು ಪರೀಕ್ಷೆ ಸಾಕು.

ಮೊದಲನೆಯದು ಹೀಟರಿನದು. ಇಂಜಿನ್ ಪೂರ್ತಿ ತಣ್ಣಗಿರುವಾಗ ಕನೆಕ್ಟರ್ ಬಿಡಿಸಿ, ಸೆನ್ಸರ್ ಕಡೆಯ ಒಂದೇ ಬಣ್ಣದ ಎರಡು ವೈರುಗಳ ನಡುವೆ ಓಮ್ ಅಳೆಯಿರಿ. ಬಾಷ್‌ನಲ್ಲಿ ಇವು ಸಾಮಾನ್ಯವಾಗಿ ಎರಡು ಬಿಳಿ ವೈರ್. ಕೆಲವು ಓಮ್‌ನಿಂದ ಇಪ್ಪತ್ತರ ಒಳಗೆ ಬಂದರೆ ಹೀಟರ್ ಜೀವಂತ ಇದೆ. ಮೀಟರ್ ಅಲ್ಲಾಡದಿದ್ದರೆ ಒಳಗೆ ತುಂಡಾಗಿದೆ, ಸೆನ್ಸರ್ ಬದಲಿಸಲೇಬೇಕು. ಹಾಗೆಯೇ ಚಾವಿ ಆನ್ ಮಾಡಿ, ಕಾರಿನ ಕಡೆಯ ಕನೆಕ್ಟರಿನಲ್ಲಿ ಹೀಟರಿನ ಪಿನ್ನಿಗೆ ಬ್ಯಾಟರಿ ವೋಲ್ಟೇಜ್ ಬರುತ್ತಿದೆಯಾ ನೋಡಿ. ಕೆಲವು ಕಾರಿನಲ್ಲಿ ಇಂಜಿನ್ ಚಾಲೂ ಇದ್ದಾಗ ಮಾತ್ರ ಬರುತ್ತದೆ. ಆಗಲೂ ಬರದಿದ್ದರೆ ಸೆನ್ಸರಿಗೆ ಕೈ ಹಾಕಬೇಡಿ, ಫ್ಯೂಸ್ ಹುಡುಕಿ.

ಎರಡನೆಯದು ಸಿಗ್ನಲ್‌ನದು. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕನೆಕ್ಟರ್ ಜೋಡಿಸಿಯೇ ಇಟ್ಟು, ಅದರ ಹಿಂಬದಿಯಿಂದ ಸಿಗ್ನಲ್ ವೈರಿಗೆ ಸಪೂರ ಪಿನ್ ತಾಗಿಸಿ. ಆರ್‌ಪಿಎಂ 2,000ದ ಮೇಲೆ ಹಿಡಿದಿಟ್ಟರೆ ಮುಂದಿನ ಸೆನ್ಸರ್ 0.1 ಮತ್ತು 0.9ರ ನಡುವೆ ಬೇಗ ಬೇಗ ತೂಗಾಡಬೇಕು. ಹಿಂದಿನದು 0.6, 0.7ರ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಸುಮ್ಮನೆ ನಿಂತಿರಬೇಕು. ಹಿಂದಿನದೂ ಮುಂದಿನದರ ಹಾಗೆ ಕುಣಿಯುತ್ತಿದ್ದರೆ ಕ್ಯಾಟ್ ಸೋತಿದೆ ಅಂತ ಅರ್ಥ.

ಒಂದು ಎಚ್ಚರಿಕೆ. ಕೆಲವು ಹೊಸ ಕಾರುಗಳಲ್ಲಿ ಮುಂದೆ, ಮಿಶ್ರಣವನ್ನು ಇನ್ನೂ ಸೂಕ್ಷ್ಮವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇರುತ್ತದೆ. ಹೆಚ್ಚಾಗಿ ಐದು ವೈರು. ಅದಕ್ಕೆ ಈ 0.1, 0.9ರ ಲೆಕ್ಕ ನಡೆಯುವುದಿಲ್ಲ, ಸ್ಕ್ಯಾನರೇ ಬೇಕು.

ಓಡಿಸಿ ನೋಡಿ ಪರೀಕ್ಷೆ ಮಾಡುವ ದಾರಿ ಇದೆಯಾ?

ಇದೆ. ನಮ್ಮ ಜಿಲ್ಲೆಯವರಿಗೆ ಇದು ಪುಕ್ಕಟೆ ಸಿಕ್ಕ ಸೌಲಭ್ಯ: ಘಟ್ಟ.

ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ, ಮೊಬೈಲ್ ಅವರ ಕೈಯಲ್ಲಿರಲಿ. ಓಡಿಸುವವರು ನೋಡುವುದು ಬೇಡವೇ ಬೇಡ. ಕುಮಟಾದಿಂದ ಶಿರಸಿ ಕಡೆಗೆ ದೇವಿಮನೆ ಘಟ್ಟ ಹತ್ತಿ. ಆಕ್ಸಲರೇಟರ್ ಪೂರ್ತಿ ಒತ್ತಿ ಏರುವಾಗ ಕಂಪ್ಯೂಟರ್ ಬೇಕೆಂದೇ ಪೆಟ್ರೋಲ್ ಜಾಸ್ತಿ ಕೊಡುತ್ತದೆ. ಮುಂದಿನ ಸೆನ್ಸರ್ 0.8ರ ಮೇಲೆ ಹೋಗಿ ನಿಲ್ಲಬೇಕು. ವಾಪಸ್ ಇಳಿಯುವಾಗ ಮೂರನೇ ಗೇರಿನಲ್ಲಿ ಆಕ್ಸಲರೇಟರಿನಿಂದ ಕಾಲು ಪೂರ್ತಿ ತೆಗೆಯಿರಿ. ಕಂಪ್ಯೂಟರ್ ಪೆಟ್ರೋಲನ್ನು ನಿಲ್ಲಿಸಿಬಿಡುತ್ತದೆ. ಸೈಲೆನ್ಸರಿನಲ್ಲಿ ಬರೀ ಗಾಳಿ. ಸೆನ್ಸರ್ ಒಂದೆರಡು ಕ್ಷಣದಲ್ಲಿ ಸೊನ್ನೆಯ ಹತ್ತಿರ ಬೀಳಬೇಕು. ಹತ್ತುವಾಗ ಏರಿ, ಇಳಿಯುವಾಗ ಬಿದ್ದರೆ ಸೆನ್ಸರ್ ಗಟ್ಟಿ ಇದೆ. 0.45ರಲ್ಲೇ ಅಂಟಿಕೊಂಡು ಕೂತಿದ್ದರೆ ಅದು ಸತ್ತಿದೆ, ಅಥವಾ ಅದರ ವೈರ್ ತುಂಡಾಗಿದೆ.

ಅಂಕೋಲಾ, ಯಲ್ಲಾಪುರದವರಿಗೆ ಅರಬೈಲ್ ಘಟ್ಟ ಇದೆ. ಆದರೆ ಅಲ್ಲಿ ಲಾರಿ ಜಾಸ್ತಿ. ಬೆಳಿಗ್ಗೆ ಬೇಗ ಹೋಗಿ.

ಕರಾವಳಿಯಲ್ಲಿ ಸೆನ್ಸರ್ ಬೇಗ ಹಾಳಾಗುತ್ತದೆಯಾ?

ಒಳಗಿನ ಪಿಂಗಾಣಿಗೆ ಉಪ್ಪುಗಾಳಿಯಿಂದ ಅಷ್ಟೇನೂ ಆಗುವುದಿಲ್ಲ. ಥ್ರೆಡ್ಡಿಗೆ (ತಿರುಪಿನ ಸುತ್ತುಗೆರೆ), ಕನೆಕ್ಟರಿಗೆ ಆಗುತ್ತದೆ. ಕಾರವಾರದ ಬೈತಖೋಲ್ ಕಡೆ ಸಮುದ್ರಕ್ಕೆ ಮುಖ ಮಾಡಿ ನಿಲ್ಲಿಸುವ ಕಾರಿಗೂ ಶಿರಸಿಯಲ್ಲಿ ನಿಲ್ಲಿಸುವ ಕಾರಿಗೂ ಅಡಿಯಲ್ಲಿ ಮಲಗಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಚಿಕ್ಕಪ್ಪನ ಕಾರಿನ ಸೆನ್ಸರ್ ಹತ್ತು ನಿಮಿಷದಲ್ಲಿ ಬಂತು. ನನ್ನದಕ್ಕೆ ಎರಡು ದಿನ ಹಿಡಿಯಿತು.

ಪಿಂಗಾಣಿಗೆ ನಿಜವಾದ ಶತ್ರು ನೀರು. ಮಳೆಗಾಲದಲ್ಲಿ ರಸ್ತೆ ಮೇಲೆ ನೀರು ನಿಂತಿರುತ್ತದೆ. ಕೆಂಡದ ಹಾಗೆ ಕಾದ ಸೆನ್ಸರಿನ ಮೇಲೆ ತಣ್ಣೀರು ರಪ್ಪಂತ ಬಿದ್ದರೆ ಒಳಗೆ ಬಿರುಕು ಬಿಡಬಹುದು. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ದೂರ ಓಡಿಸಿ ಬಂದ ಕೂಡಲೇ ಕಾರಿನ ಅಡಿಗೆ ಪೈಪ್ ಹಿಡಿದು ತೊಳೆಯುವುದೂ ಇದೇ ಕಾರಣಕ್ಕೆ ಬೇಡ. ಒಂದು ಗಂಟೆ ತಣಿಯಲಿ.

ಘಟ್ಟದ ಮೇಲಿನವರಿಗೆ ಇನ್ನೊಂದು ಕಾಟ ಇಲಿ. ಅಡಿಕೆ, ಭತ್ತ ಇಟ್ಟ ಜಾಗದ ಪಕ್ಕ ಕಾರು ನಿಲ್ಲಿಸಿದರೆ ವೈರ್ ಕಡಿಯುವುದು ಖಾತ್ರಿ. ಕೋಡ್ ಇದ್ದಕ್ಕಿದ್ದಂತೆ ಒಂದು ಬೆಳಿಗ್ಗೆ ಬಂದಿದ್ದರೆ ಮೊದಲು ಬಾನೆಟ್ ಎತ್ತಿ ಹಲ್ಲಿನ ಗುರುತು ಹುಡುಕಿ.

ಎಷ್ಟು ಕಿಲೋಮೀಟರಿಗೆ ಬದಲಿಸಬೇಕು?

ಹೀಟರ್ ಇರುವ ಸೆನ್ಸರ್ ಸಾಮಾನ್ಯವಾಗಿ ಒಂದು ಲಕ್ಷ ಕಿಲೋಮೀಟರ್ ದಾಟುತ್ತದೆ, ಒಂದೂವರೆ ಲಕ್ಷ ಮುಟ್ಟಿದ್ದೂ ಇದೆ. ಸುಮ್ನೆ ಲೆಕ್ಕ ಹಾಕಿ ಬದಲಿಸುವುದು ಬೇಡ. ಪರೀಕ್ಷೆಯಲ್ಲಿ ಸೋತರೆ ಬದಲಿಸಿ.

ಇ20 ಪೆಟ್ರೋಲಿನಿಂದ ಸೆನ್ಸರ್ ಹೋಗುತ್ತದಾ?

ಇ20 ಅಂದರೆ 20% ಎಥನಾಲ್. ಎಥನಾಲಿನೊಳಗೇ ಆಮ್ಲಜನಕ ಇದೆ, ಹಾಗಾಗಿ ಅದಕ್ಕೆ ಗಾಳಿ ಕಡಿಮೆ ಸಾಕು, ಕಿಲೋಗೆ ಸುಮಾರು 9 ಕಿಲೋ. ಸೆನ್ಸರ್ ಇದನ್ನು ಕಂಡುಹಿಡಿದು ಕಂಪ್ಯೂಟರಿಗೆ ತಿಳಿಸುತ್ತದೆ, ಅದು ಪೆಟ್ರೋಲನ್ನು ಸ್ವಲ್ಪ ಹೆಚ್ಚಿಸಿಕೊಳ್ಳುತ್ತದೆ. ಆ್ಯಪಿನಲ್ಲಿ "ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್" (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚುಕಡಿಮೆ ಮಾಡಿಕೊಂಡಿದೆ ಎಂಬ ಲೆಕ್ಕ) ಮೊದಲಿಗಿಂತ ಕೆಲವು ಅಂಕಿ ಮೇಲಿದ್ದರೆ ಗಾಬರಿ ಬೇಡ. 10% ದಾಟಿ ಅಲ್ಲೇ ನಿಂತರೆ ಬೇರೆ ಕಾರಣ ಹುಡುಕಿ. ಇ20ಗೆ ತಯಾರಾಗದ ಹಳೆಯ ಕಾರಿನಲ್ಲಿ ರಬ್ಬರ್ ಪೈಪುಗಳ ಚಿಂತೆ ಇದೆ, ಅದು ಬೇರೆ ಮಾತು.

ಯಾವ ಸೆನ್ಸರ್ ಕೊಳ್ಳಬೇಕು?

ನಿಮ್ಮ ಹಳೆಯ ಸೆನ್ಸರಿನ ಮೈಮೇಲೆ ಅಥವಾ ವೈರಿನ ಕವಚದ ಮೇಲೆ ನಂಬರ್ ಇರುತ್ತದೆ. ಅದೇ ನಂಬರಿನದ್ದು, ಅದೇ ಕನೆಕ್ಟರ್ ಇರುವುದು ತರಿಸಿ. ಬಾಷ್, ಡೆನ್ಸೊ, ಎನ್‌ಟಿಕೆ, ಈ ಮೂರರಲ್ಲಿ ಕಾರಿಗೆ ಮೊದಲು ಯಾವುದು ಬಂದಿತ್ತೋ ಅದನ್ನೇ ಹಾಕುವುದು ಒಳ್ಳೆಯದು. ವೈರ್ ಕತ್ತರಿಸಿ ಜೋಡಿಸುವ "ಯೂನಿವರ್ಸಲ್" ಸೆನ್ಸರ್ ಅಗ್ಗಕ್ಕೆ ಸಿಗುತ್ತದೆ. ಆದರೆ ಆ ಜೋಡಣೆಯ ಜಾಗಕ್ಕೇ ನಮ್ಮ ಮಳೆಗಾಲ ನುಗ್ಗುತ್ತದೆ, ನಾನು ಬೇಡ ಅನ್ನುತ್ತೇನೆ. ಗುಜರಿಯಿಂದ ಹಳೆಯದು ತರುವುದಂತೂ ಬೇಡವೇ ಬೇಡ.

ಮುಂದಿನದೂ ಹಿಂದಿನದೂ ಹೆಚ್ಚಾಗಿ ನೋಡಲು ಒಂದೇ ಥರ ಇರುತ್ತವೆ, ವೈರಿನ ಉದ್ದ ಬೇರೆ. ಆರ್ಡರ್ ಮಾಡುವಾಗ ಸರಿಯಾಗಿ ಹೇಳಿ.

ಯಾವ ಸಾಮಾನು ಬೇಕು?

22 ಮಿ.ಮೀ. ಪಾನಾ. ವೈರ್ ತೂರಲು ಪಕ್ಕದಲ್ಲಿ ಸೀಳಿರುವ ಆಕ್ಸಿಜನ್ ಸೆನ್ಸರ್ ಸಾಕೆಟ್ ಸಿಕ್ಕರೆ ಇನ್ನೂ ಒಳ್ಳೆಯದು. ಉದ್ದನೆಯ ಹಿಡಿ. ತುಕ್ಕು ಬಿಡಿಸುವ ಸ್ಪ್ರೇ. ತಂತಿ ಬ್ರಷ್. ಕಣ್ಣಿಗೆ ಕನ್ನಡಕ, ಇದನ್ನು ಬಿಡಬೇಡಿ: ಅಡಿಯಲ್ಲಿ ಮಲಗಿದಾಗ ತುಕ್ಕಿನ ಚೂರು ನೇರ ಕಣ್ಣಿಗೇ ಬೀಳುತ್ತದೆ. ಎಷ್ಟು ಬಿಗಿ ಮಾಡಿದೆವು ಅಂತ ತೋರಿಸುವ ಟಾರ್ಕ್ ಪಾನಾ ಗೊತ್ತಿದ್ದವರಿಂದ ಒಂದು ದಿನಕ್ಕೆ ಕೇಳಿ ತನ್ನಿ.

ಅಂಗಳದಲ್ಲಿ ಕಾರು ಎತ್ತುವುದು ಹೇಗೆ?

ಮುಂದಿನ ಸೆನ್ಸರಿಗೆ ಎಷ್ಟೋ ಕಾರುಗಳಲ್ಲಿ ಬಾನೆಟ್ ಎತ್ತಿದರೆ ಸಾಕು. ಹಿಂದಿನದಕ್ಕೆ ಅಡಿಯಲ್ಲಿ ಮಲಗಬೇಕು.

ದಯವಿಟ್ಟು ಚಿರೆಕಲ್ಲು ಇಟ್ಟು ಕಾರು ನಿಲ್ಲಿಸಬೇಡಿ. ನಮ್ಮಲ್ಲಿ ಪ್ರತಿ ಮನೆಯ ಹಿತ್ತಿಲಲ್ಲೂ ನಾಲ್ಕು ಚಿರೆಕಲ್ಲು ಬಿದ್ದಿರುತ್ತದೆ, ಕೈ ಅದಕ್ಕೇ ಹೋಗುತ್ತದೆ. ಗೋಡೆ ಕಟ್ಟಲು ಅದು ಒಳ್ಳೆಯ ಕಲ್ಲು. ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ, ಅದೂ ಮಳೆನೀರು ಕುಡಿದು ನೆನೆದಿದ್ದರೆ, ಹೇಳದೆ ಕೇಳದೆ ಒಡೆಯುತ್ತದೆ. ಕೆಳಗೆ ನಿಮ್ಮ ಎದೆ ಇರುತ್ತದೆ. ಕಾರಿನ ಜೊತೆ ಬಂದ ಜಾಕ್ ಎತ್ತಲು ಮಾತ್ರ. ಎತ್ತಿದ ಮೇಲೆ ಕಬ್ಬಿಣದ ಜಾಕ್ ಸ್ಟ್ಯಾಂಡ್ ಇಡಿ. ಮಣ್ಣಿನ ಅಂಗಳವಾದರೆ ಸ್ಟ್ಯಾಂಡಿನ ಅಡಿಗೆ ದಪ್ಪ ಹಲಗೆ ಹಾಕಿ. ಎತ್ತುವ ಮೊದಲೇ ಹಿಂದಿನ ಚಕ್ರಕ್ಕೆ ಅಡ್ಡ ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಮನೆಯಲ್ಲಿ ಒಬ್ಬರಿಗಾದರೂ ನೀವು ಕಾರಿನ ಅಡಿಯಲ್ಲಿದ್ದೀರಿ ಅಂತ ಹೇಳಿಯೇ ಮಲಗಿ. ಮುಚ್ಚಿದ ಶೆಡ್ಡಿನೊಳಗೆ ಇಂಜಿನ್ ಚಾಲೂ ಇಡಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ.

ಬಿಚ್ಚುವ ಕ್ರಮ ಹೇಗೆ?

ಹಿಂದಿನ ಸಂಜೆ ತಣ್ಣಗಿರುವಾಗ ಸೆನ್ಸರಿನ ಬುಡಕ್ಕೆ ಸ್ಪ್ರೇ ಹೊಡೆಯಿರಿ. ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಇನ್ನೊಮ್ಮೆ.

ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ಕ್ಲಿಪ್ಪಿನಲ್ಲಿ ಸಿಕ್ಕಿಸಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಕನೆಕ್ಟರಿನ ಲಾಕ್ ಒತ್ತಿ ಬಿಡಿಸಿ. ಬಿಸಿಗೆ ಕಾದ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ, ಸ್ಕ್ರೂ ಡ್ರೈವರ್ ಹಾಕಿ ಮೀಟಬೇಡಿ. ವೈರ್ ಹಿಡಿದು ಎಳೆಯಲೂ ಬೇಡಿ, ಕನೆಕ್ಟರಿನ ಮೈ ಹಿಡಿದು ಎಳೆಯಿರಿ.

ಆಮೇಲೆ ಪಾನಾ ಹಾಕಿ, ಗಡಿಯಾರದ ವಿರುದ್ಧ ದಿಕ್ಕಿಗೆ. ಮೊದಲ ಕಾಲು ಸುತ್ತು ಬಂತು ಅಂದರೆ ಗೆದ್ದಂತೆ ಅಂದುಕೊಂಡು ಜೋರಾಗಿ ತಿರುಗಿಸಬೇಡಿ. ಬಿಗಿ ಅನ್ನಿಸಿದರೆ ಮತ್ತೆ ಸ್ವಲ್ಪ ಒಳಗೆ ತಿರುಗಿಸಿ, ಸ್ಪ್ರೇ ಹೊಡೆದು, ಮತ್ತೆ ಹೊರಗೆ. ಹಿಂದೆ ಮುಂದೆ, ಹಿಂದೆ ಮುಂದೆ. ತುಕ್ಕಿನ ಪುಡಿ ಥ್ರೆಡ್ಡಿನಲ್ಲಿ ಸಿಕ್ಕಿಕೊಂಡರೆ ಪೈಪಿನ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ. ಇಲ್ಲಿ ಉಳಿಸಿದ ಐದು ನಿಮಿಷಕ್ಕೆ ಆಮೇಲೆ ಐದು ಸಾವಿರ ಕೊಡಬೇಕಾಗುತ್ತದೆ.

ಎಷ್ಟು ಮಾಡಿದರೂ ಅಲ್ಲಾಡುತ್ತಿಲ್ಲ. ಏನು ಮಾಡಲಿ?

ಇಂಜಿನನ್ನು ಕೆಲವು ನಿಮಿಷ ಚಾಲೂ ಮಾಡಿ, ಪೈಪ್ ಬೆಚ್ಚಗಾದ ಮೇಲೆ ನಿಲ್ಲಿಸಿ, ದಪ್ಪ ಚರ್ಮದ ಕೈಗವಸು ಹಾಕಿ ಪ್ರಯತ್ನಿಸಿ. ಬಿಸಿಗೆ ಪೈಪ್ ಹಿಗ್ಗಿ ಹಿಡಿತ ಸಡಿಲವಾಗುತ್ತದೆ. ಬಿಸಿ ಪೈಪಿನ ಮೇಲೆ ಮಾತ್ರ ಸ್ಪ್ರೇ ಹೊಡೆಯಬೇಡಿ, ಬೆಂಕಿ ಹತ್ತಬಹುದು.

ಹಳೆಯ ಸೆನ್ಸರ್ ಹೇಗೂ ಎಸೆಯುವುದೇ ಅಂತ ಖಾತ್ರಿ ಇದ್ದರೆ ಅದರ ವೈರ್ ಕತ್ತರಿಸಿ. ಆಗ ಸೀಳಿಲ್ಲದ ಪೂರ್ತಿ ರಿಂಗ್ ಪಾನಾ ಅಥವಾ ಉದ್ದನೆಯ ಬಾಕ್ಸ್ ಸಾಕೆಟ್ ಕೂರುತ್ತದೆ. ಸೀಳಿದ ಸಾಕೆಟ್ ಜೋರಿಗೆ ಬಾಯಿ ಬಿಡುತ್ತದೆ, ಇದು ಬಿಡುವುದಿಲ್ಲ. ನನ್ನ ಕಾರಿನದು ಎರಡನೇ ದಿನ ಬಂದದ್ದು ಹೀಗೆ. "ಕಟಕ್" ಅಂತ ಒಂದು ಸದ್ದು. ಮುರಿಯಿತೇನೋ ಅಂತ ಕೈ ತಣ್ಣಗಾಯಿತು. ನೋಡಿದರೆ ಬಿಟ್ಟುಕೊಂಡಿತ್ತು.

ಇಷ್ಟಾದರೂ ಬರದಿದ್ದರೆ ನಿಲ್ಲಿಸಿ. ಗ್ಯಾಸ್ ಬೆಂಕಿಯಲ್ಲಿ ಪೈಪ್ ಕೆಂಪಗೆ ಕಾಯಿಸಿ ತೆಗೆಯುವುದು ಗ್ಯಾರೇಜಿನವರ ಕೆಲಸ. ಪೆಟ್ರೋಲ್ ಪೈಪಿನ ಹತ್ತಿರ ಮನೆಯಲ್ಲಿ ಅದು ಬೇಡ.

ಹೊಸದನ್ನು ಕೂರಿಸುವಾಗ ಏನು ಗಮನಿಸಬೇಕು?

ಮೊದಲು ಪೈಪಿನ ಥ್ರೆಡ್ ಶುಚಿ ಮಾಡಿ. ಹೆಚ್ಚಿನ ಸೆನ್ಸರಿನ ಥ್ರೆಡ್ 18 ಮಿ.ಮೀ., ಪಿಚ್ 1.5. ಆ ಅಳತೆಯ ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಲೇತ್ ಅಂಗಡಿಯಲ್ಲಿ ಇರುತ್ತದೆ.

ಹೊಸ ಸೆನ್ಸರಿನ ಥ್ರೆಡ್ಡಿಗೆ ಸಾಮಾನ್ಯವಾಗಿ ಕಂಪನಿಯವರೇ ಬೂದು ಬಣ್ಣದ ಪೇಸ್ಟ್ ಹಚ್ಚಿರುತ್ತಾರೆ. ಇಲ್ಲದಿದ್ದರೆ ಸೆನ್ಸರಿಗೆಂದೇ ಇರುವ, ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ ಸೀಜ್ ಪೇಸ್ಟ್ ಥ್ರೆಡ್ಡಿಗೆ ಮಾತ್ರ ತೆಳ್ಳಗೆ ಹಚ್ಚಿ. ಮೂತಿಗೆ ತಾಗಬಾರದು. ಗ್ರೀಸ್ ಬೇಡ. ಮೂತಿಯನ್ನು ಎಣ್ಣೆ ಕೈಯಲ್ಲಿ ಮುಟ್ಟಬೇಡಿ. ಕೈ ಜಾರಿ ಸಿಮೆಂಟಿನ ಮೇಲೆ ಬಿದ್ದ ಸೆನ್ಸರನ್ನು ಹಾಕಬೇಡಿ, ಒಳಗೆ ಪಿಂಗಾಣಿ ಒಡೆದಿರಬಹುದು.

ಬೆರಳಲ್ಲೇ ತಿರುಗಿಸುತ್ತಾ ಕೊನೆಯವರೆಗೆ ಕೂರಿಸಿ. ಬೆರಳಲ್ಲಿ ಹೋಗುತ್ತಿಲ್ಲ ಅಂದರೆ ಓರೆಯಾಗಿದೆ, ತೆಗೆದು ಮತ್ತೆ ಹಾಕಿ. ಕೊನೆಯಲ್ಲಿ ಟಾರ್ಕ್ ಪಾನಾದಲ್ಲಿ ಬಿಗಿ ಮಾಡಿ. ಹೆಚ್ಚಿನವಕ್ಕೆ 40 ನ್ಯೂಟನ್ ಮೀಟರಿನ ಆಸುಪಾಸು. ನಿಮ್ಮ ಸೆನ್ಸರಿನ ಪೆಟ್ಟಿಗೆಯಲ್ಲಿ ಬಂದ ಚೀಟಿಯ ಅಂಕಿಯೇ ಅಂತಿಮ. ಮೊದಲು ಕೂರಿಸಿ ಆಮೇಲೆ ಕನೆಕ್ಟರ್ ಜೋಡಿಸಿ, ಇಲ್ಲದಿದ್ದರೆ ವೈರ್ ಮುರುಟಿಕೊಳ್ಳುತ್ತದೆ. ಫೋಟೋದಲ್ಲಿ ಇದ್ದ ಹಾಗೆಯೇ ವೈರ್ ಸಿಕ್ಕಿಸಿ. ಸೈಲೆನ್ಸರಿಗೆ ತಾಗಿದರೆ ಕರಗಿ, ನೀವು ಮತ್ತೆ ಅದೇ ಕೋಡಿಗೆ ಬರುತ್ತೀರಿ.

ಕಿಲುಬು ಬರದ ಹಾಗೆ ಕನೆಕ್ಟರಿಗೆ ಗ್ರೀಸ್ ತುಂಬಲೇ? ತುಂಡಾದ ವೈರಿಗೆ ಬೆಸುಗೆ ಹಾಕಲೇ?

ಎರಡೂ ಬೇಡ. ಕಾರಣ ತಿಳಿದಾಗ ನನಗೇ ಆಶ್ಚರ್ಯವಾಯಿತು. ಸೆನ್ಸರ್ ಹೋಲಿಸಿ ನೋಡಲು ಹೊರಗಿನ ಶುದ್ಧ ಗಾಳಿ ಬೇಕು ಅಂದೆನಲ್ಲ? ನೀರು ಹೋಗದಂತೆ ಮುಚ್ಚಿದ ಸೆನ್ಸರುಗಳಲ್ಲಿ ಆ ಗಾಳಿ ಬರುವುದು ವೈರಿನೊಳಗಿನ ತಾಮ್ರದ ಎಳೆಗಳ ಸಂದಿಯಿಂದ. ಅಂದರೆ ಸೆನ್ಸರ್ ತನ್ನ ಬಾಲದಿಂದ ಉಸಿರಾಡುತ್ತದೆ. ಬೆಸುಗೆ ಹಾಕಿದರೆ, ಗ್ರೀಸ್ ತುಂಬಿದರೆ ಆ ಉಸಿರು ಕಟ್ಟುತ್ತದೆ.

ಕಾರಿನ ಕಡೆಯ ಪಿನ್ನಿಗೆ ಕಿಲುಬು ಹಿಡಿದಿದ್ದರೆ ಸಣ್ಣ ಬ್ರಷ್ಷಿನಿಂದ ಒಣದಾಗಿ ಉಜ್ಜಿ ತೆಗೆಯಿರಿ. ಪಿನ್ ಸವೆದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಹೊಸ ಟರ್ಮಿನಲ್ ಹಾಕಿಸಿ. ರಬ್ಬರ್ ಸೀಲ್ ಹರಿದಿದೆಯಾ ನೋಡಿ, ಬಹಳ ಸಲ ಉಪ್ಪುಗಾಳಿ ಒಳಗೆ ಹೋಗುವುದು ಅಲ್ಲಿಂದ. ವೈರ್ ಜೋಡಿಸಲೇಬೇಕಾದರೆ ಕ್ರಿಂಪ್ ಮಾಡಿ (ಬೆಸುಗೆ ಇಲ್ಲದೆ ಲೋಹದ ತುಣುಕಿನಲ್ಲಿ ಒತ್ತಿ ಕೂಡಿಸುವುದು), ಅದೂ ಕನೆಕ್ಟರಿನಿಂದ ಆಚೆ, ಕಾರಿನ ಕಡೆಯ ವೈರಿನಲ್ಲಿ.

ಹಳೆಯ ಸೆನ್ಸರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬಹುದಾ?

ಉಪಯೋಗ ಇಲ್ಲ. ಆದರೆ ಎಸೆಯುವ ಮೊದಲು ಅದರ ಮೂತಿ ನೋಡಿ, ಇಂಜಿನ್ನಿನ ಜಾತಕ ಅಲ್ಲಿರುತ್ತದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬಿಳಿ ಪುಡಿ ಇದ್ದರೆ ಸಿಲಿಕೋನ್ ಸೀಲಂಟ್ ಬಳಸಿರಬಹುದು, ಇಲ್ಲವೇ ಕೂಲಂಟ್ ಒಳಗೆ ಸೋರುತ್ತಿರಬಹುದು. ಕಂದು ಬಣ್ಣದ ಬೂದಿ ಇದ್ದರೆ ಆಯಿಲ್ ಸುಡುತ್ತಿದೆ. ಆ ರೋಗ ಗುಣವಾಗದೆ ಹೊಸ ಸೆನ್ಸರ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಹಾಕಿ ಆಯಿತು. ಮುಂದೆ?

ಬ್ಯಾಟರಿ ಜೋಡಿಸಿ, ಸ್ಕ್ಯಾನರಿನಲ್ಲಿ ಕೋಡ್ ಅಳಿಸಿ. ಚಾಲೂ ಮಾಡಿ ಬುಡದಲ್ಲಿ "ಫುಸ್ ಫುಸ್" ಸದ್ದು ಬರುತ್ತಿದೆಯಾ ಕೇಳಿ. ಬಂದರೆ ಸರಿಯಾಗಿ ಕೂತಿಲ್ಲ. ಕಂಪ್ಯೂಟರ್ ಹಳೆಯ ಲೆಕ್ಕ ಮರೆತು ಹೊಸದು ಕಲಿಯಬೇಕು, ಒಂದೆರಡು ದಿನ ಐಡಲ್ (ಕಾರು ನಿಂತಿದ್ದಾಗಿನ ಇಂಜಿನ್ ಓಟ) ಸ್ವಲ್ಪ ಏರುಪೇರಾಗಬಹುದು. ಊರೊಳಗೂ ಹೆದ್ದಾರಿಯಲ್ಲೂ ಓಡಿಸಿ. ಆಮೇಲೆ ಮತ್ತೊಮ್ಮೆ ಆ ಘಟ್ಟದ ಪರೀಕ್ಷೆ ಮಾಡಿ.

ಲೈಟ್ ಉರಿಯುತ್ತಿದ್ದರೂ ಓಡಿಸಬಹುದಾ?

ಲೈಟ್ ಸುಮ್ಮನೆ ಉರಿಯುತ್ತಿದ್ದರೆ ಮನೆ ಮುಟ್ಟಬಹುದು, ಕೆಲವು ದಿನ ಓಡಿಸಬಹುದು. ತಿಂಗಳುಗಟ್ಟಲೆ ಬೇಡ. ಜಾಸ್ತಿ ಪೆಟ್ರೋಲ್ ಹೋಗಿ ಕ್ಯಾಟ್ ಸುಟ್ಟರೆ ಸೆನ್ಸರಿನ ಹಲವು ಪಟ್ಟು ಖರ್ಚು. ಲೈಟ್ ಮಿಟುಕುತ್ತಿದ್ದರೆ ಇಂಜಿನ್ ಮಿಸ್ ಹೊಡೆಯುತ್ತಿದೆ, ಪಕ್ಕಕ್ಕೆ ನಿಲ್ಲಿಸಿ. ಬಿಎಸ್-4 ಪೆಟ್ರೋಲ್ ಕಾರಿಗೆ ಪಿಯುಸಿಯಲ್ಲಿ (ಹೊಗೆ ತಪಾಸಣೆ) ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 0.3% ದಾಟುವಂತಿಲ್ಲ. ಸೆನ್ಸರ್ ಕೆಟ್ಟರೆ ಅಲ್ಲೂ ಸಿಕ್ಕಿಬೀಳುತ್ತೀರಿ.

"ಕ್ಯಾಟ್ ಖಾಲಿ ಮಾಡಿಸಿ, ಹಿಂದಿನ ಸೆನ್ಸರ್ ಕಟ್ ಮಾಡಿಸಿ, ಪಿಕಪ್ ಬರುತ್ತದೆ" ಅಂತಾರೆ. ನಿಜವಾ?

ಮಾಡಿಸಬೇಡಿ. ಕಾನೂನಿಗೆ ವಿರುದ್ಧ. ಅದಕ್ಕಿಂತ ದೊಡ್ಡ ಮಾತು, ಆ ಹೊಗೆ ಹೋಗುವುದು ನಮ್ಮ ಅಂಗಳದಲ್ಲಿ ಆಡುವ ಮಕ್ಕಳ ಮೂಗಿನ ಮಟ್ಟಕ್ಕೆ.

ಡೀಸೆಲ್ ಕಾರಿಗೂ ಇದೇ ಕ್ರಮವಾ?

ಬಿಚ್ಚುವ ಕ್ರಮ ಹೆಚ್ಚುಕಡಿಮೆ ಅದೇ. ಪರೀಕ್ಷೆ ಬೇರೆ. ಬಿಎಸ್-6 ಡೀಸೆಲ್‌ಗಳಲ್ಲಿ ಬೇರೆ ಬೇರೆ ಸೆನ್ಸರುಗಳು ಅಕ್ಕಪಕ್ಕ ಇರುತ್ತವೆ. ನೈಟ್ರೋಜನ್ ಆಕ್ಸೈಡ್ ಅಳೆಯುವ ಸೆನ್ಸರ್ ಇದ್ದರೆ ಅದು ತನ್ನದೇ ಕಂಟ್ರೋಲ್ ಪೆಟ್ಟಿಗೆಯ ಜೊತೆ ಬರುತ್ತದೆ, ಬೆಲೆಯೂ ತುಂಬಾ ಜಾಸ್ತಿ. ಯಾವುದು ಯಾವುದೆಂದು ಖಾತ್ರಿಯಾಗದೆ ಪಾನಾ ಹಾಕಬೇಡಿ.

ವರ್ಷದಲ್ಲಿ ಯಾವಾಗ ಈ ಕೆಲಸ ಇಟ್ಟುಕೊಳ್ಳುವುದು ಒಳ್ಳೆಯದು?

ದೀಪಾವಳಿ ಕಳೆದು ನೆಲ ಒಣಗಿದ ಮೇಲೆ. ಕೋಡ್ ಏನೂ ಇಲ್ಲದಿದ್ದರೂ ಆಗ ಒಂದು ಸಲ ಎರಡೂ ಕನೆಕ್ಟರ್ ಬಿಚ್ಚಿ, ಟಾರ್ಚ್ ಬಿಟ್ಟು ಒಳಗೆ ನೋಡಿ. ಹಸಿರು ಕಂಡರೆ ಅವತ್ತೇ ಉಜ್ಜಿ ತೆಗೆಯಿರಿ.